ನಾಲ್ಕು ದಿನಗಳ ಸಾಕ್ಷ್ಯ

ವ್ಯಾಪಾರಕ್ಕೆಂದು ನಾಲ್ಕು ದಿನ ಪರದೇಶಕ್ಕೆ ಹೋಗಿ ಬಂದವರ ಮಾತನ್ನು ನೀವು ಕೇಳಿರಬಹುದು. ಚೀನಾದ ಗುವಾಂಗ್‌ಝೌ ನಗರದ ದೊಡ್ಡ ವ್ಯಾಪಾರ ಮೇಳ 1957ರಲ್ಲಿ ಆರಂಭವಾಯಿತು. ನಮ್ಮ ದೇಶದ ವರ್ತಕರೂ ಅಲ್ಲಿಗೆ ಹೋಗುತ್ತಾರೆ. ವಿಮಾನ ನಿಲ್ದಾಣ, ಹೋಟೆಲು, ಮಳಿಗೆ ಇಷ್ಟನ್ನೇ ಕಂಡು ಮರಳಿದ ಕೆಲವರು, "ಚೀನೀಯರು ಲಾಭವೊಂದನ್ನೇ ಬಲ್ಲವರು, ಅವರಿಗೆ ಧರ್ಮವಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅದೇ ನಗರದಲ್ಲಿ ಶತಮಾನಗಳಷ್ಟು ಹಳೆಯ ಹುವೈಶೆಂಗ್ ಮಸೀದಿಯಿದೆ. ಅಲ್ಲಿ ನಮಾಝ್ ಮಾಡುವ ಚೀನೀಯರನ್ನು ಅವರು ಕಂಡೇ ಇಲ್ಲ.

ಇದು ಬರೀ ಹರಟೆಯೇ? ಅಲ್ಲ, ಇದೊಂದು ಸಾಕ್ಷ್ಯ. ಒಬ್ಬಾತ ಇನ್ನೊಬ್ಬನ ಪರ ಸಾಕ್ಷಿ ನುಡಿದಾಗ ಹ. ಉಮರ್(ರ) ಮೂರು ವಿಷಯ ವಿಚಾರಿಸಿದರೆಂದು ವರದಿಯಾಗಿದೆ: ಅವನ ನೆರೆಯವನಾಗಿದ್ದೆಯಾ? ಹಣದ ವ್ಯವಹಾರ ಮಾಡಿದ್ದೆಯಾ? ಜೊತೆಯಲ್ಲಿ ಪ್ರಯಾಣಿಸಿದ್ದೆಯಾ? ಮೂರಕ್ಕೂ ಇಲ್ಲವೆಂದಾಗ, ನಿನಗೆ ಅವನ ಪರಿಚಯವೇ ಇಲ್ಲವೆಂದರು.

ವರ್ತಕನು ವ್ಯವಹಾರ ಮಾಡಿದ್ದಾನೆ, ನಿಜ. ಆದರೆ ಇಬ್ಬರು ಮೂವರೊಡನೆ ಮಾತ್ರ. ಅವರ ಬಗ್ಗೆ ಹೇಳಬಹುದು, ಕೋಟಿಗಟ್ಟಲೆ ಜನರ ಬಗ್ಗೆ ಅಲ್ಲ. ಹಾಗಾದರೆ ಕಂಡದ್ದನ್ನು ಹೇಳಲೇಬಾರದೇ? ಹೇಳಲಿ, ಕಂಡಷ್ಟನ್ನೇ ಹೇಳಲಿ. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದು, ಕಿವಿ, ಕಣ್ಣು, ಹೃದಯಗಳ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ (17:36) ಎಚ್ಚರಿಸಿದೆ.

ಇನ್ನೊಂದು ಮಾತು. ಆ ಮಳಿಗೆಯವನೂ ನಮ್ಮನ್ನು ನೋಡುತ್ತಿರುತ್ತಾನೆ. ಅವನು ಕಂಡ ಮೊದಲ ಮುಸ್ಲಿಮ್ ನೀವೇ ಆಗಿರಬಹುದು. ನಿಮ್ಮ ಒಂದು ಸುಳ್ಳಿನಿಂದ ಅವನು ಇಡೀ ಸಮುದಾಯವನ್ನು ಅಳೆದರೆ ಅನ್ಯಾಯವೆನ್ನುತ್ತೀರಿ. ನಾವು ಬಯಸುವ ಆ ನ್ಯಾಯವನ್ನು ಅವರಿಗೂ ಸಲ್ಲಿಸೋಣ.