ನಮ್ಮ ಧರೆ, ಅವರ ಕತ್ತಿ

ಶಿವರಾತ್ರಿ ಕಳೆದು ಊರಿಗೆ ಹೋದಾಗ ನೋಡುತ್ತೇನೆ, ನಮ್ಮ ಮನೆಯ ಹಿಂದಿನ ಧರೆ ಬೋಳಾಗಿತ್ತು. ಶಿರಸಿ ಸೀಮೆಯ ಆ ಮನೆಗೆ ನಾವೀಗ ವರ್ಷಕ್ಕೆರಡು ಬಾರಿ ಹೋಗಿಬರುವ ನೆಂಟರು. ಅತ್ತೆ ತೀರಿಕೊಂಡ ಮೇಲೆ ಬೀಗ ಹಾಕಿ ಹುಬ್ಬಳ್ಳಿ ಸೇರಿದವರು. ತೋಟ ನೋಡಿಕೊಳ್ಳಲು ಒಬ್ಬರಿದ್ದಾರೆ. ಮನೆಯ ಸುತ್ತ ಬೆಳೆದದ್ದನ್ನು ನೋಡುವವರಿಲ್ಲ.

ಧರೆಯ ಮೇಲೆ ಆಳೆತ್ತರ ಬೆಳೆದಿದ್ದ ಲಂಟಾನ, ಯುಪಟೋರಿಯಂ ಹೋದದ್ದಕ್ಕೆ ನನಗೆ ದುಃಖವೇನಿರಲಿಲ್ಲ. ಆದರೆ ಆ ಪೊದೆಯ ನಡುವೆ ಅತ್ತೆ ನೆಟ್ಟ ಜಾಜಿ ಬಳ್ಳಿಯಿತ್ತು. ಅದೂ ಗೇಣುದ್ದದ ಮೋಟಾಗಿ ನಿಂತಿತ್ತು. ಕಡಿಸಿದವರು ಮೇಲಿನಮನೆ ಅಕ್ಕ, ಎರಡು ಆಳು ಕರೆಸಿ. ನಮ್ಮನ್ನೊಂದು ಮಾತು ಕೇಳದೆ!

ಪಕ್ಕದ ಮನೆಯ ತೆಂಗಿನ ಗರಿ ಕಾಂಪೌಂಡಿನೊಳಗೆ ಬಿದ್ದರೂ ಮುಖ ಊದಿಸಿಕೊಳ್ಳುವ ಪಟ್ಟಣದವಳು ನಾನು. ಸಿಟ್ಟಿನಲ್ಲೇ ಮೇಲೆ ಹತ್ತಿಹೋಗಿ ಕೇಳಿದೆ. ಅಕ್ಕ ಅಡಿಕೆ ಸುಲಿಯುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: "ಹೋದ ಬೇಸಿಗೆಯಲ್ಲಿ ಕೆಳಗಿಂದ ಬೆಂಕಿ ಬಂದಿತ್ತಲ್ಲ ತಂಗಿ. ನಿಮ್ಮ ಧರೆ ಹತ್ತಿ ನಮ್ಮ ಕೊಟ್ಟಿಗೆ ಹತ್ತಿರಕ್ಕೇ ಬಂತು. ನಾನೂ ಸೊಸೆಯೂ ಹಸಿಸೊಪ್ಪು ಹಿಡಿದು ಬಡಿದೆವು. ನಿನಗೆ ಹೇಳಿದ್ದೆ."

ಹೇಳಿದ್ದರು, ಫೋನಿನಲ್ಲಿ. ಮಗಳ ಪರೀಕ್ಷೆಯ ಗಡಿಬಿಡಿಯಲ್ಲಿದ್ದ ನಾನು "ಅಯ್ಯೋ ಪಾಪ" ಎಂದು ಮಾತು ಮುಗಿಸಿದ್ದೆ. ಈ ಜನವರಿಯಲ್ಲೂ "ಒಮ್ಮೆ ಬಂದು ಸವರಿಸಿ ಹೋಗಿ" ಎಂದಿದ್ದರು. "ರಜೆಯಲ್ಲಿ ನೋಡೋಣ ಅಕ್ಕ" ಎಂದೆ. ರಜೆ ಬರುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಬೆಂಕಿ ನಮಗಾಗಿ ಕಾದು ಕೂರುತ್ತದೆಯೇ?

ಇಳಿಜಾರಿನಲ್ಲಿ ಬೆಂಕಿ ಕೆಳಗಿಳಿಯುವುದಕ್ಕಿಂತ ಬಹಳ ಬೇಗ ಮೇಲೇರುತ್ತದೆ. ಜ್ವಾಲೆ ತನ್ನ ಮೇಲಿನ ಗಿಡವನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿಡುತ್ತದೆ. ನಮ್ಮ ಮನೆ ಕೆಳಗೆ, ಅವರದು ಮೇಲೆ. ಹೆಂಚಿನ ಸಂದಿಯಲ್ಲಿ ಕೂತ ತರಗೆಲೆಗೆ ಹಾರಿಬಂದ ಒಂದು ಕಿಡಿ ಸಾಕು. ನನ್ನ ಆಲಸ್ಯದ ದಂಡ ತೆರಬೇಕಾದವರು ಅವರು.

ನಾನು ಮದುವೆಯಾಗಿ ಬಂದ ಕಾಲದಲ್ಲಿ ಈ ಭಯವೇ ಇರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುತ್ತಿದ್ದರು. ನಮ್ಮ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ನೆಲ ಸರ್ಕಾರದ್ದು, ಸೊಪ್ಪು ತೋಟದವರದ್ದು. ದರಕು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ, ಆಮೇಲೆ ಗೊಬ್ಬರವಾಗಿ ತೋಟಕ್ಕೆ. ಒಣಕಟ್ಟಿಗೆ ಒಲೆಗೆ. ಮನೆಯ ಸುತ್ತ ಸುಡಲು ಉಳಿಯುತ್ತಿದ್ದುದೇನು? ಅದನ್ನು ಬೆಂಕಿ ತಡೆಯುವ ಕೆಲಸವೆಂದು ಯಾರೂ ಕರೆದದ್ದಿಲ್ಲ, ಹೊತ್ತ ಹೆಂಗಸರೂ ಕರೆದುಕೊಂಡಿಲ್ಲ. ನನಗಂತೂ ಸೊಂಟ ನೋಯುತ್ತಿದ್ದುದೇ ನೆನಪು. ಈಗ ಕೊಟ್ಟಿಗೆ ಖಾಲಿ, ಒಲೆಯ ಜಾಗಕ್ಕೆ ಗ್ಯಾಸು ಬಂತು. ಸೊಂಟನೋವು ತಪ್ಪಿದ್ದಕ್ಕೆ ಯಾಕೆ ಸುಳ್ಳು ಹೇಳಲಿ, ಸಂತೋಷವೇ. ದರಕು ಮಾತ್ರ ಬಿದ್ದಲ್ಲೇ ಬಿದ್ದಿದೆ. ಮೇಲೆ ಲಂಟಾನ ಬೇರೆ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡವಂತೆ! 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಉರಿದಾಗ ಒಣಗಿ ನಿಂತ ಲಂಟಾನದ ಪೊದೆಗಳೂ ಆ ಬೆಂಕಿಗೆ ತುಪ್ಪ ಸುರಿದವು.

ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿಕೊಂಡೆ. ಕಾಡ್ಗಿಚ್ಚಿನ ಅಪಾಯವಿರುವ ಕಡೆ ಮನೆಯ ಸುತ್ತ 100 ಅಡಿ ಒಣಗಿಡ, ಹುಲ್ಲು ತೆಗೆದಿಡಬೇಕೆಂದು ಅಲ್ಲಿ ಕಾನೂನೇ ಇದೆ. ಆದರೆ ಅದು ಅವರವರ ಗಡಿಯವರೆಗೆ. ಗಡಿ ದಾಟಿ ಕಡಿಯಬೇಕಾದರೆ ನೆರೆಯವರ ಒಪ್ಪಿಗೆ ಬೇಕು. "ಹಾಗಾದರೆ ನಿಮ್ಮ ಅಕ್ಕ ಮಾಡಿದ್ದು ತಪ್ಪು ದೊಡ್ಡಮ್ಮ" ಎಂದಳು.

ಕೇಳಿ ಮೊದಲು ಹಿತವೆನಿಸಿತು, ಆಮೇಲೆ ಅಲ್ಲ. ಕಾನೂನು ಹಾಗಿರುವುದೇ ಸರಿ. ಇಲ್ಲದಿದ್ದರೆ ಬೆಂಕಿಯ ಹೆಸರು ಹೇಳಿ ಯಾರು ಬೇಕಾದರೂ ಯಾರ ಮರಕ್ಕಾದರೂ ಕತ್ತಿ ಹಾಕಿಯಾರು. ಆದರೆ ಎರಡೆರಡು ಸಲ ಕೇಳಿದವರಿಗೆ "ನೋಡೋಣ" ಎಂದು ಕೂತವಳು ಆಮೇಲೆ "ಕೇಳಲಿಲ್ಲ" ಎನ್ನಬಹುದೇ? "ನೋಡೋಣ" ಎನ್ನುವುದು ಹೌದೂ ಅಲ್ಲ, ಇಲ್ಲವೂ ಅಲ್ಲ. ನಮ್ಮ ಜಾಗ ನಮ್ಮದು ಎನ್ನುವ ನೆನಪು ನನಗಾಗುವುದು ವರ್ಷಕ್ಕೆ ಎರಡು ದಿನ. ಅವರಿಗೆ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಸರಿಯಾದ ನಿದ್ದೆಯಿಲ್ಲ. ಹಕ್ಕಿನ ಮಾತು ಬಂದಾಗ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಧೈರ್ಯ ಸಾಲಲಿಲ್ಲ. ಇದೇ ಮಾತು ಅವರಿಗೂ ಅನ್ವಯಿಸಬೇಕಲ್ಲ, ಕಡಿಸುವ ದಿನವಾದರೂ ಒಂದು ಫೋನು ಮಾಡಬಹುದಿತ್ತಲ್ಲ ಎಂದು ಮನಸ್ಸಿನ ಒಂದು ಮೂಲೆ ಈಗಲೂ ವಾದಿಸುತ್ತದೆ.

ಸಂಜೆ ಧರೆಯ ಮೇಲೆ ನಡೆದು ನೋಡಿದೆ. ಬೋಳು ಎಂದೆನಲ್ಲ, ಪೂರ್ತಿ ಬೋಳಲ್ಲ. ಮತ್ತಿ, ಹೊನ್ನೆಯ ಸಸಿಗಳನ್ನು ಬುಡ ಬಿಡಿಸಿ ಉಳಿಸಿದ್ದರು. ನೆಲವನ್ನೂ ಪೂರಾ ಗುಡಿಸಿರಲಿಲ್ಲ. ಎಲ್ಲ ಎಲೆ ಬಾಚಿದರೆ ಮಳೆಗೆ ಮಣ್ಣು ನಿಲ್ಲುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತು. ಕೊಟ್ಟಿಗೆಯ ಹತ್ತಿರ ಮಾತ್ರ ಕೆಂಪು ನೆಲ ಕಾಣುವ ಹಾಗೆ ಪಟ್ಟಿ ಮಾಡಿದ್ದರು. ಜಾಜಿಯನ್ನು ಪೊದೆಯೊಳಗೆ ಆಳುಗಳು ಗುರುತಿಸಿರಲಾರರು. ಹೂ ಬಿಟ್ಟಿದ್ದನ್ನು ನಾನೇ ನೋಡಿ ಎಷ್ಟು ವರ್ಷವಾಯಿತೋ.

ಹೊರಡುವಾಗ ಆಳಿನ ಸಂಬಳವನ್ನು ಕೈಗಿತ್ತೆ. ಅಕ್ಕ ಬೇಡವೆನ್ನಲಿಲ್ಲ, ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಜಾಜಿಯ ವಿಷಯ ನಾನೂ ಎತ್ತಲಿಲ್ಲ.

"ಈ ವರ್ಷದ್ದಾಯಿತು ತಂಗಿ. ಬರುವ ವರ್ಷ?"

"ನೋಡೋ…" ಎಂದವಳು ತಡೆದು, ಯಜಮಾನರ ಮುಖ ನೋಡಿದೆ. ಅವರು ಕಾರಿನ ಬಾಗಿಲು ತೆಗೆಯುತ್ತಿದ್ದರು.