ಯಾರ ತಪ್ಪು?

ಸುಜಾತಾ: ಡಾಕ್ಟ್ರೇ, ನನಗೆ ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ವಾಕಿಂಗ್ ಹೋಗ್ತೀನಿ. 46ಕ್ಕೇ ಹಾರ್ಟ್ ಅಟ್ಯಾಕ್ ಆಗೋಕೆ ಏನು ಪಾಪ ಮಾಡಿದ್ದೆ?

ಡಾಕ್ಟರ್: ನಿಮ್ಮ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಿರಲಿಲ್ಲಮ್ಮ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯೊಳಗೇ ರಕ್ತ ನುಗ್ಗಿ ಪದರಗಳು ಬಿಟ್ಟುಕೊಂಡವು. ಆ ಉಬ್ಬು ಒಳದಾರಿಯನ್ನು ಒತ್ತಿತು. ಇದಕ್ಕೆ ಸ್ಕ್ಯಾಡ್ ಅಂತೀವಿ. ಇದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ, ಬಾಣಂತಿಯರೂ ಅದರಲ್ಲಿದ್ದಾರೆ.

ಸುಜಾತಾ: ಅಮ್ಮ ತೀರಿಕೊಂಡ ವಾರವೇ ಇದು ಆಯಿತು. ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ತಪ್ಪುತ್ತಿತ್ತೇನೋ.

ಡಾಕ್ಟರ್: ದುಃಖದ ಹೊಡೆತಕ್ಕೆ ಇದು ಬರುವುದುಂಟು. ಅಮ್ಮನಿಗಾಗಿ ಅತ್ತದ್ದನ್ನು ಯಾರು ಅಪರಾಧ ಅಂತಾರೆ?

ಸುಜಾತಾ: ಅಪರಾಧ ಅಂತಾದರೂ ಇದ್ದಿದ್ದರೆ ತಿದ್ದಿಕೊಳ್ಳುತ್ತಿದ್ದೆ. ತಪ್ಪೇ ಇಲ್ಲ ಅಂದರೆ ನನ್ನ ಕೈಲಿ ಏನೂ ಉಳಿಯಲ್ಲವಲ್ಲ.

ಡಾಕ್ಟರ್: ಆ ಲೆಕ್ಕಾಚಾರ ನಮ್ಮನ್ನೂ ಕುರುಡಾಗಿಸಿತ್ತು. 1931ರಲ್ಲೇ 42 ವರ್ಷದ ಹೆಂಗಸೊಬ್ಬಳಲ್ಲಿ ಈ ಕಾಯಿಲೆ ದಾಖಲಾಗಿತ್ತು. ಆದರೂ ಎಷ್ಟೋ ದಶಕ ಇದನ್ನು ವಿರಳಾತಿವಿರಳ ಅಂದುಕೊಂಡೆವು. ಸಿಗರೇಟು ಸೇದದ, ಬೊಜ್ಜಿಲ್ಲದ ಹೆಣ್ಣುಮಗಳು ಎದೆನೋವು ಅಂದರೆ ಗ್ಯಾಸ್, ಟೆನ್ಷನ್ ಅಂತ ಮನೆಗೆ ಕಳಿಸಿದ್ದುಂಟು. ಕಾಯಿಲೆ ತಪ್ಪಿಗೆ ಸಿಗುವ ಶಿಕ್ಷೆ ಅಂತ ನಂಬಿದರೆ, ತಪ್ಪು ಮಾಡದವರ ಕಾಯಿಲೆ ಕಣ್ಣಿಗೇ ಬೀಳುವುದಿಲ್ಲ.

ಸುಜಾತಾ: ಸರಿ. ಆದರೆ ಮತ್ತೆ ಬಂದರೆ?

ಡಾಕ್ಟರ್: ಕೆಲವರಿಗೆ ಮರುಕಳಿಸುತ್ತದೆ, ಮುಚ್ಚಿಡಲಾರೆ. ನಿಮಗೆ ರಕ್ತ ಸರಿಯಾಗಿ ಹರಿಯುತ್ತಿದ್ದುದರಿಂದ ಸ್ಟೆಂಟ್ ಹಾಕಲಿಲ್ಲ. ಹಾಕಲು ಹೋದರೆ ಸೀಳು ಇನ್ನಷ್ಟು ಉದ್ದವಾಗುವ ಭಯವಿತ್ತು. ಬಹುಪಾಲು ಜನರಲ್ಲಿ ನಾಳ ತಾನಾಗಿಯೇ ವಾಸಿಯಾಗುತ್ತದೆ. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳಿ, ಬಿಪಿ ಏರದಂತೆ ನೋಡಿಕೊಳ್ಳಿ, ಕುತ್ತಿಗೆಯ, ಮೂತ್ರಪಿಂಡದ ನಾಳಗಳ ಸ್ಕ್ಯಾನ್ ಮಾಡಿಸಿ. ಇದೆಲ್ಲ ಪ್ರಾಯಶ್ಚಿತ್ತ ಅಂತ ಮಾಡಬೇಡಿ. ನಿಮ್ಮ ದೇಹ ನಿಮ್ಮದು, ಆರೈಕೆ ಅಂತ ಮಾಡಿ.

ಸುಜಾತಾ: ಕೈಲಿ ಉಳಿಯುವುದು ಅಷ್ಟಾ?

ಡಾಕ್ಟರ್: ಅಷ್ಟು. ನಾಳೆಯ ಮೇಲೆ ಹಿಡಿತ ಅದರಿಂದ ಸಿಗಲ್ಲ. ಇವತ್ತು ಮಾಡಬೇಕಾದ್ದು ಸಿಗುತ್ತದೆ.

ಸುಜಾತಾ: ಹಾಗಾದರೆ ತಂಗಿಗೆ ಫೋನ್ ಮಾಡಬೇಕು. ಎದೆನೋವು ಬಂದರೆ ‘ನನಗ್ಯಾಕೆ ಬರುತ್ತೆ’ ಅಂತ ಕೂರಬೇಡ, ಇಸಿಜಿ ಮಾಡಿಸು ಅಂತ.

ಡಾಕ್ಟರ್: ಮೊದಲ ಇಸಿಜಿ ನಾರ್ಮಲ್ ಬಂದರೂ ಟ್ರೋಪೋನಿನ್ ರಕ್ತಪರೀಕ್ಷೆ ಆಗುವವರೆಗೆ ಮನೆಗೆ ಹೋಗಬೇಡ ಅನ್ನಿ.