ನಿದ್ರೆಯೂ ನಿಶ್ಶಲ್ಯತೆಯೂ

ದಿನವಿಡೀ ದುಡಿದು ದಣಿದ ದೇಹವು ಹಾಸಿಗೆಯನ್ನು ಸೇರಿದರೂ ಮನಸ್ಸು ಮಾತ್ರ ಎಚ್ಚತ್ತೇ ಇರುವುದು ಇಂದಿನ ಗೃಹಸ್ಥಜೀವನದ ಸಾಮಾನ್ಯ ಅನುಭವವಾಗಿದೆ. ವ್ಯಾಪಾರದ ಏರಿಳಿತ, ಸಾಲದ ಕಂತು, ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಆರೋಗ್ಯ, ಹೀಗೆ ಹಗಲಿನಲ್ಲಿ ಚದರಿಹೋಗಿದ್ದ ಚಿಂತೆಗಳೆಲ್ಲವೂ ದೀಪವಾರಿದೊಡನೆ ಒಂದೆಡೆ ನೆರೆಯುತ್ತವೆ. ಇಂಥವರಿಗೆ ಮಲಗುವ ಮುನ್ನ ಸಾಮಾಯಿಕ ಮಾಡಬೇಕು, ಕಾಯೋತ್ಸರ್ಗದಲ್ಲಿ ನಿಲ್ಲಬೇಕು, ಆಗ ನಿದ್ರೆ ತಾನಾಗಿ ಬರುತ್ತದೆ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಹಿತವಾದುದೇ ಸರಿ. ಆದರೆ ಅದರ ಬೆನ್ನಿಗೆ ಒಂದು ಪ್ರಶ್ನೆಯೂ ಏಳುತ್ತದೆ. ಆತ್ಮಶುದ್ಧಿಗಾಗಿ ವಿಧಿಸಲ್ಪಟ್ಟ ಆವಶ್ಯಕ ಕ್ರಿಯೆಯನ್ನು ನಿದ್ರೆಯ ಮದ್ದನ್ನಾಗಿ ಬಳಸುವುದು ವ್ರತಿಕನಿಗೆ ಯುಕ್ತವೆ?

ಈ ಪ್ರಶ್ನೆಗೆ ಉತ್ತರವನ್ನು ಅರಸುವ ಮುನ್ನ ನಿದ್ರೆಯನ್ನು ಕುರಿತು ಶಾಸ್ತ್ರದ ದೃಷ್ಟಿಯೇನೆಂಬುದನ್ನು ಗಮನಿಸಬೇಕು. ಕರ್ಮಸಿದ್ಧಾಂತದಲ್ಲಿ ನಿದ್ರೆಯು ದರ್ಶನಾವರಣೀಯ ಕರ್ಮದ ಫಲ. ಆ ಕರ್ಮದ ಒಂಬತ್ತು ಪ್ರಕೃತಿಗಳಲ್ಲಿ ನಿದ್ರೆ, ನಿದ್ರಾನಿದ್ರೆ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂಬ ಐದು ನಿದ್ರೆಗೇ ಸಂಬಂಧಿಸಿದವು. ಹದಿನೈದು ಪ್ರಮಾದಗಳ ಎಣಿಕೆಯಲ್ಲಿಯೂ ನಿದ್ರೆಗೆ ಸ್ಥಾನವಿದೆ. ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಅವರದು ನೆಲದ ಮೇಲಣ ಅಲ್ಪನಿದ್ರೆ. ಹಾಗೆಂದು ಗೃಹಸ್ಥನು ನಿದ್ರೆಗೆಡುವುದೇ ತಪಸ್ಸೆಂದು ಭಾವಿಸುವುದು ತಪ್ಪು. ಮುನಿಯು ಎಚ್ಚರವಿರುವುದು ಸ್ವಾಧ್ಯಾಯಕ್ಕಾಗಿ, ಧ್ಯಾನಕ್ಕಾಗಿ. ಗೃಹಸ್ಥನು ಎಚ್ಚರವಿರುವುದು ಬಹುಮಟ್ಟಿಗೆ ಚಿಂತೆಯಿಂದ. ಎರಡೂ ಎಚ್ಚರಗಳೇ ಆದರೂ ಅವುಗಳ ಜಾತಿ ಬೇರೆ.

ಈ ಎರಡನೆಯ ಎಚ್ಚರಕ್ಕೆ ಶಾಸ್ತ್ರವು ಕೊಟ್ಟಿರುವ ಹೆಸರು ಆರ್ತಧ್ಯಾನ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅದರ ನಾಲ್ಕು ಭೇದಗಳು ನಿರೂಪಿತವಾಗಿವೆ. ಬೇಡವಾದುದು ಬಂದು ಸೇರಿದಾಗ ಅದು ಎಂದು ತೊಲಗೀತೆಂದು ಮತ್ತೆ ಮತ್ತೆ ಚಿಂತಿಸುವುದು ಒಂದು. ಪ್ರಿಯವಾದುದು ಅಗಲಿದಾಗ ಅದಕ್ಕಾಗಿ ಹಂಬಲಿಸುವುದು ಎರಡನೆಯದು. ದೇಹದ ನೋವನ್ನೇ ನೆನೆನೆನೆದು ಬೇಯುವುದು ಮೂರನೆಯದು. ಮುಂದೆ ದೊರೆಯಬೇಕಾದುದಕ್ಕೆ ಮನವನ್ನು ಕಟ್ಟಿಹಾಕುವ ನಿದಾನವು ನಾಲ್ಕನೆಯದು. ಇಂದು 'ಮಾನಸಿಕ ಒತ್ತಡ'ವೆಂದು ಕರೆಯುವ ಸ್ಥಿತಿಯನ್ನು ಬಿಡಿಸಿ ನೋಡಿದರೆ ಈ ನಾಲ್ಕರಲ್ಲಿ ಒಂದಾದರೂ ಅದರೊಳಗೆ ಕಾಣದಿರದು.

ಇಲ್ಲಿ ನಾಲ್ಕನೆಯ ಭೇದವು ವಿಶೇಷವಾಗಿ ವಿಚಾರಾರ್ಹ. ನಿದ್ರೆ ಬರಲಿಲ್ಲವಲ್ಲಾ, ಗಂಟೆ ಎರಡಾಯಿತಲ್ಲಾ, ನಾಳೆಯ ಕೆಲಸದ ಗತಿಯೇನು ಎಂದು ಹೊರಳಾಡುವವನು ನಿದ್ರೆಯನ್ನೇ ನಿದಾನದ ವಿಷಯವನ್ನಾಗಿ ಮಾಡಿಕೊಂಡಿರುತ್ತಾನೆ. ಚಿಂತೆಗಳ ಸಾಲಿಗೆ ನಿದ್ರೆಯ ಚಿಂತೆಯೂ ಸೇರುತ್ತದೆ. ಇದೇ ಮನಸ್ಸಿನಿಂದ ಕಾಯೋತ್ಸರ್ಗಕ್ಕೆ ನಿಂತರೆ, ಇಷ್ಟು ಉಚ್ಛ್ವಾಸಗಳಾದವು, ಇನ್ನೂ ತೂಕಡಿಕೆ ಬರಲಿಲ್ಲವೇಕೆ ಎಂಬ ಲೆಕ್ಕಾಚಾರವೇ ಧ್ಯಾನವಾಗುತ್ತದೆ. ಆಧುನಿಕ ನಿದ್ರಾವಿಜ್ಞಾನವೂ ಬೇರೊಂದು ದಾರಿಯಿಂದ ಈ ತೀರ್ಮಾನಕ್ಕೇ ಬಂದಿದೆ. ನಿದ್ರಿಸಬೇಕೆಂಬ ಪ್ರಯತ್ನವೇ ಮೆದುಳನ್ನು ಎಚ್ಚರವಾಗಿರಿಸುತ್ತದೆ. ಆದುದರಿಂದ ಬಹಳ ಹೊತ್ತು ನಿದ್ರೆ ಬಾರದಿದ್ದರೆ ಹಾಸಿಗೆಯನ್ನು ಬಿಟ್ಟೆದ್ದು, ಮಂದ ಬೆಳಕಿನಲ್ಲಿ ಶಾಂತವಾದ ಕೆಲಸವೊಂದರಲ್ಲಿ ತೊಡಗಿ, ತೂಕಡಿಕೆ ಬಂದಾಗಲೇ ಮರಳಬೇಕೆಂದು ತಜ್ಞರು ಹೇಳುತ್ತಾರೆ. ಅಂಥ ಹೊತ್ತಿಗೆ ಜಪವೋ ಸ್ವಾಧ್ಯಾಯವೋ ಶ್ರಾವಕನಿಗೆ ಸಹಜವಾಗಿಯೇ ಒದಗುತ್ತದೆ.

ಹಾಗಾದರೆ ವ್ರತಕ್ರಿಯೆಯಿಂದ ದೊರೆಯುವ ನೆಮ್ಮದಿಯನ್ನು ನಿರಾಕರಿಸಬೇಕೆ? ಬೇಕಾಗಿಲ್ಲ. ರೈತನು ಬಿತ್ತುವುದು ಕಾಳಿಗಾಗಿ. ಹುಲ್ಲು ಅದರೊಡನೆ ದೊರೆಯುತ್ತದೆ. ದೊರೆತ ಹುಲ್ಲನ್ನು ಯಾರೂ ಎಸೆಯುವುದಿಲ್ಲ. ಹುಲ್ಲಿಗಾಗಿಯೇ ಬಿತ್ತಿ ಕಾಳನ್ನು ಮರೆಯುವುದು ಮಾತ್ರ ಅವಿವೇಕ. ಮುಳ್ಳು ತೆಗೆಯದೆ ಗಾಯವನ್ನು ಮರಗಟ್ಟಿಸುವ ಉಪಚಾರವೂ ಅಂಥದೇ ಅವಿವೇಕವೆನ್ನಬೇಕು. ಮಾಯಾ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಿತ್ತವನೇ ವ್ರತಿಕನೆಂದು ಉಮಾಸ್ವಾಮಿಗಳು ಹೇಳಿರುವುದರ ಮರ್ಮವನ್ನು ಇಲ್ಲಿ ನೆನೆಯಬೇಕು. ಶಲ್ಯವೆಂದರೆ ಮುಳ್ಳು.

ಬೆಳಗಾವಿ ಸೀಮೆಯ ಒಬ್ಬ ರೈತಗೃಹಸ್ಥನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಕಾರ್ಖಾನೆಗೆ ಕಳುಹಿಸಿದ ಕಬ್ಬಿನ ಬಿಲ್ಲು ಇನ್ನೂ ಕೈಸೇರಿಲ್ಲ. ಸಹಕಾರಿ ಸಂಘದ ಸಾಲದ ಕಂತು ತಿಂಗಳ ಕೊನೆಗೆ ಕಟ್ಟಬೇಕಾಗಿದೆ. ಇದು ಒಂದು ಚಿಂತೆ. ತಮ್ಮನೊಡನೆ ಪಾಲಿನಲ್ಲಿರುವ ಬಾವಿಯಿಂದ ತಮ್ಮನ ಪಾಳಿಯ ಹೊತ್ತಿನಲ್ಲಿ ನೀರನ್ನು ತನ್ನ ಹೊಲಕ್ಕೆ ಹರಿಸಿಕೊಂಡು, ಕೇಳಿದಾಗ ಕರೆಂಟು ಇರಲಿಲ್ಲವೆಂದು ಸುಳ್ಳಾಡಿದ್ದು ಇನ್ನೊಂದು. ಮೊದಲನೆಯದನ್ನು ಅವನು ಹೆಂಡತಿಯೊಡನೆ ಆಡಿಕೊಳ್ಳುತ್ತಾನೆ. ಎರಡನೆಯದನ್ನು ಯಾರೊಡನೆಯೂ ಆಡುವುದಿಲ್ಲ. ಹಾಸಿಗೆಯಲ್ಲಿ ಮಾತ್ರ ಎರಡೂ ಒಂದೇ ಬಗೆಯ ಚುಚ್ಚುವಿಕೆಯಾಗಿ ತೋರುತ್ತವೆ. ಇವೆರಡನ್ನೂ ಬೇರ್ಪಡಿಸದೆ 'ಒತ್ತಡ'ವೆಂಬ ಒಂದೇ ಹೆಸರಿಟ್ಟು, ದೇಹವನ್ನು ಸಡಿಲಗೊಳಿಸುವ ಒಂದೇ ಉಪಾಯದಿಂದ ಕಳೆಯಲು ಹೊರಡುವುದರಲ್ಲಿಯೇ ತೊಡಕಿದೆ.

ಮೊದಲನೆಯ ಚಿಂತೆಗೆ ಆ ರಾತ್ರಿ ಮಾಡಬಹುದಾದುದು ಏನೂ ಇಲ್ಲ. ಇಂಥಲ್ಲಿ ರತ್ನಕರಂಡಕ ಶ್ರಾವಕಾಚಾರವು ಶಿಕ್ಷಾವ್ರತಗಳಲ್ಲಿ ಎಣಿಸಿರುವ ದೇಶಾವಕಾಶಿಕವು ನೆರವಾಗುತ್ತದೆ. ಇಷ್ಟು ಕಾಲದವರೆಗೆ ಈ ಮನೆಯ ಅಥವಾ ಈ ಬೀದಿಯ ಎಲ್ಲೆಯನ್ನು ಮೀರೆನೆಂದು ಗಡಿ ಹಾಕಿಕೊಳ್ಳುವುದು ಈ ವ್ರತ. ಸೂರ್ಯೋದಯದವರೆಗೆ ಮನೆಯ ಎಲ್ಲೆಯೊಳಗಿರುವೆನೆಂದು ನಿಯಮ ತಳೆದವನು ಕಾಲನ್ನು ಮಾತ್ರವಲ್ಲದೆ ಮನಸ್ಸನ್ನೂ ಕಾರ್ಖಾನೆಯ ಬಾಗಿಲಿಗೆ ಕಳುಹಿಸಬಾರದು. ಮಲಗುವ ಮುನ್ನ, ಎಚ್ಚರವಾಗುವವರೆಗೆ ಆಹಾರಕ್ಕೂ ಪರಿಗ್ರಹಕ್ಕೂ ತ್ಯಾಗವೆಂದು ನಿಯಮ ಕೈಗೊಳ್ಳುವ ಪದ್ಧತಿಯೂ ಅನೇಕ ಮನೆಗಳಲ್ಲಿದೆ. ತನ್ನದೆಂಬುದನ್ನೆಲ್ಲ ಒಂದು ರಾತ್ರಿಯ ಮಟ್ಟಿಗಾದರೂ ಕೆಳಗಿಡುವ ಅಭ್ಯಾಸವದು. ಮರುದಿನದ ಕೆಲಸಗಳನ್ನು ಹಾಳೆಯ ಮೇಲೆ ಬರೆದಿಟ್ಟು ಮಲಗುವುದೂ ಈ ನಿಯಮಕ್ಕೆ ಸಹಾಯಕ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 57 ಮಂದಿ ತರುಣರು ಪಾಲ್ಗೊಂಡಿದ್ದರು. ಮಲಗುವ ಮುನ್ನ ಐದು ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರೆಹೋದರು. ಪ್ರಯೋಗವು ಚಿಕ್ಕದೇ ಆದರೂ ಅದರ ಸೂಚನೆ ಉಪೇಕ್ಷಣೀಯವಲ್ಲ.

ಎರಡನೆಯದು ಹಾಗಲ್ಲ. ತಮ್ಮನ ನೀರನ್ನು ಕದ್ದ ನೆನಪಿಗೆ ಗಡಿ ಹಾಕಲಾಗದು. ಹಾಕಲೂ ಬಾರದು. ಅದು ಅಚೌರ್ಯಾಣುವ್ರತಕ್ಕೂ ಸತ್ಯಾಣುವ್ರತಕ್ಕೂ ತಗುಲಿದ ದೋಷ. ಈ ಎಚ್ಚರವನ್ನು ರೋಗವೆನ್ನುವುದಕ್ಕಿಂತ ವ್ರತವು ತನ್ನನ್ನು ತಾನು ಕಾಯ್ದುಕೊಳ್ಳುವ ರೀತಿಯೆನ್ನುವುದು ಹೆಚ್ಚು ಸರಿ. ಸುಖನಿದ್ರೆಯ ಆಸೆಯಿಂದ ಇದನ್ನು ತಣಿಸಿಬಿಡುವ ಉಪಾಯವು ಫಲಿಸಿತೆಂದೇ ಇಟ್ಟುಕೊಂಡರೂ ಅದರಿಂದ ಲಾಭವಾದುದು ಯಾರಿಗೆ? ತಮ್ಮನ ಹೊಲವಂತೂ ಒಣಗಿಯೇ ಇರುತ್ತದೆ. ಪ್ರಾಯಶ್ಚಿತ್ತದ ಭೇದಗಳನ್ನು ಹೇಳುವಾಗ ಆಲೋಚನೆ, ಪ್ರತಿಕ್ರಮಣಗಳನ್ನು ಮೊದಲಿಟ್ಟು ವ್ಯುತ್ಸರ್ಗವನ್ನು ಅನಂತರ ಇಟ್ಟಿರುವ ಕ್ರಮವು ಅರ್ಥಪೂರ್ಣವಾಗಿದೆ. ಷಡಾವಶ್ಯಕಗಳಲ್ಲಿಯೂ ಪ್ರತಿಕ್ರಮಣವಾದ ಮೇಲೆಯೇ ಕಾಯೋತ್ಸರ್ಗ. ದೋಷವನ್ನು ಒಪ್ಪಿಕೊಂಡು, ಅದರಿಂದ ಹಿಂದಿರುಗಿ, ಆಮೇಲೆ ದೇಹದ ಮಮತೆಯನ್ನು ಬಿಡಬೇಕು. ಹೀಗಿರುವಾಗ ಆ ರೈತನಿಗೆ ಹೇಳಬೇಕಾದುದು ಉಸಿರಾಟದ ಕ್ರಮವನ್ನಲ್ಲ. "ಬೆಳಿಗ್ಗೆ ತಮ್ಮನ ಮನೆಗೆ ಹೋಗು, ತಪ್ಪಾಯಿತಪ್ಪಾ ಎಂದು ಹೇಳು, ಮುಂದಿನ ಎರಡು ಪಾಳಿಯ ನೀರು ನಿನ್ನದೇ ಎಂದು ಬಿಟ್ಟುಕೊಡು" ಎಂದೇ ಹೇಳಬೇಕು. ವರ್ಷಕ್ಕೊಮ್ಮೆ ದಶಲಕ್ಷಣಪರ್ವದ ತರುವಾಯ ಬರುವ ಕ್ಷಮಾವಣಿಯವರೆಗೆ ಇದನ್ನು ಮುಂದೂಡುವುದು ಸಲ್ಲದು. ನಾಳೆ ಹೋಗುವೆನೆಂಬ ನಿಶ್ಚಯವು ಕಪಟವಿಲ್ಲದುದಾದರೆ ಮುಳ್ಳು ಆ ರಾತ್ರಿಯೇ ಅರ್ಧ ಸಡಿಲುತ್ತದೆ.

ಶ್ರವಣಬೆಳಗೊಳದ ಬೆಟ್ಟದ ಮೇಲೆ ಕ್ರಿ.ಶ. 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಮೂರ್ತಿಯು ಈ ತತ್ತ್ವದ ಸಾಕ್ಷಿಯಾಗಿದೆ. ತೋಳುಗಳನ್ನು ಇಳಿಬಿಟ್ಟು ಕಾಯೋತ್ಸರ್ಗದಲ್ಲಿ ನಿಂತ ಬಾಹುಬಲಿಗಿಂತ ಸ್ಥಿರವಾದ ದೇಹವುಂಟೆ? ಬಳ್ಳಿಗಳು ಹಬ್ಬಿದರೂ ಅಲುಗದ ಆ ಯೋಗಿಗೆ ಒಂದು ವರ್ಷವಾದರೂ ಕೇವಲಜ್ಞಾನವು ಉದಿಸಲಿಲ್ಲ. ಅಣ್ಣನ ಮನಸ್ಸು ತನ್ನಿಂದ ನೊಂದಿತೆಂಬ ಭಾವವು ಒಳಗೆ ಉಳಿದಿತ್ತೆಂದು ಒಂದು ಪರಂಪರೆ ಹೇಳಿದರೆ, ತಾನಿನ್ನೂ ಅಣ್ಣನ ನೆಲದ ಮೇಲೆಯೇ ನಿಂತಿರುವೆನೆಂಬ ಎಣಿಕೆಯಿತ್ತೆಂದು ಇನ್ನೊಂದು ಹೇಳುತ್ತದೆ. ಭರತನು ಬಂದು ಪೂಜಿಸಿದಾಗ ಅದು ಕಳೆಯಿತು. ದೇಹವು ನಿಶ್ಚಲವಾದ ಮಾತ್ರಕ್ಕೆ ಶಲ್ಯವು ಕಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ.

ಇಷ್ಟಾದ ಮೇಲೆ ಕಾಯೋತ್ಸರ್ಗದ ವಿಧಿಯು ಸರಳ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಟ್ಟು ತೋಳುಗಳನ್ನು ಇಳಿಬಿಟ್ಟು ನಿಲ್ಲಬೇಕು. ಅಶಕ್ತರು ಕುಳಿತು ಮಾಡಬಹುದು. ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಸಲ ಜಪಿಸಿದರೆ 27 ಉಚ್ಛ್ವಾಸಗಳಾಗುತ್ತವೆ. ಈ ಗತಿಯಲ್ಲಿ ಉಸಿರು ತಾನಾಗಿ ನಿಧಾನವಾಗುತ್ತದೆ, ಹೃದಯದ ಬಡಿತವೂ ಇಳಿಯುತ್ತದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಕ್ರಮವನ್ನು ವಿವರಿಸಿದನು. 1975ರಲ್ಲಿ ರೂಪುಗೊಂಡ ಪ್ರೇಕ್ಷಾಧ್ಯಾನ ಪದ್ಧತಿಯು ಕಾಯೋತ್ಸರ್ಗವನ್ನು ತನ್ನ ಮೊದಲ ಮೆಟ್ಟಿಲಾಗಿ ಇರಿಸಿಕೊಂಡಿತು. ದೇಹದ ಬಿಗಿತವು ಮನಸ್ಸಿನ ಬಿಗಿತವನ್ನು ಪೋಷಿಸುತ್ತದೆಂಬುದರಲ್ಲಿ ಪೂರ್ವ ಪಶ್ಚಿಮಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಬಾಹ್ಯ ನಿಯಮಗಳೂ ಉಪಕಾರಕವೇ. ಸೂರ್ಯಾಸ್ತಕ್ಕೆ ಮುನ್ನ ಉಂಡವನ ಜಠರವು ಮಲಗುವ ಹೊತ್ತಿಗೆ ಹಗುರವಾಗಿರುತ್ತದೆ. ರಾತ್ರಿಯ ಪ್ರಖರ ಬೆಳಕು ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಎಂಬ ರಸದ ಸ್ರಾವವನ್ನು ಕುಗ್ಗಿಸುವುದರಿಂದ ದೀಪವನ್ನು ಮಂದಗೊಳಿಸುವುದು, ಮೊಬೈಲನ್ನು ದೂರವಿಡುವುದು ಒಳ್ಳೆಯದು. ಉಪವಾಸದ ರಾತ್ರಿ, ಅಭ್ಯಾಸವಿಲ್ಲದವರಿಗೆ ನಿದ್ರೆ ಕಡಿಮೆಯಾಗುವುದುಂಟು. ಅದಕ್ಕೆ ಕಳವಳಪಡದೆ ಶಕ್ತ್ಯನುಸಾರ ಏಕಾಶನದಿಂದ ಆರಂಭಿಸಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ರೆಗೆಟ್ಟು, ಅದು ಮೂರು ತಿಂಗಳಾದರೂ ಬಿಡದಿದ್ದರೆ ವೈದ್ಯಶಾಸ್ತ್ರವು ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಪರಿಗಣಿಸುತ್ತದೆ. ಅದಕ್ಕೆ ಗುಳಿಗೆಗಿಂತ ಮೊದಲು ಆಲೋಚನೆ ಮತ್ತು ರೂಢಿಗಳನ್ನು ತಿದ್ದುವ ಚಿಕಿತ್ಸೆಯನ್ನೇ ನೀಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಶಿಫಾರಸು ಮಾಡಿತು. ಇಂಥ ಸ್ಥಿತಿಯಲ್ಲಿ ವೈದ್ಯರನ್ನು ಕಾಣುವುದರಿಂದ ವ್ರತಕ್ಕೆ ಕುಂದಿಲ್ಲ. ನಿದ್ರೆ ಬಾರದವರೆಲ್ಲರೂ ದೋಷಿಗಳೆಂದು ಬಗೆಯುವುದಂತೂ ಹಿಂಸೆಯೇ ಸರಿ. ವಿಯೋಗದುಃಖದಿಂದ, ವ್ಯಾಧಿಯಿಂದ ಎಚ್ಚರವಿರುವವರ ಬಳಿ ಕುಳಿತು ನಾಲ್ಕು ಸಮಾಧಾನದ ಮಾತನ್ನಾಡುವುದು ಶ್ರಾವಕರ ಕರ್ತವ್ಯ.

ಆದುದರಿಂದ ನಿದ್ರೆಗಾಗಿ ಕಾಯೋತ್ಸರ್ಗ ಮಾಡಬಹುದೆ ಎಂಬ ಪ್ರಶ್ನೆಗೆ ಉತ್ತರವಿಷ್ಟೆ: ಕಾಯೋತ್ಸರ್ಗವನ್ನು ಕಾಯೋತ್ಸರ್ಗಕ್ಕಾಗಿಯೇ ಮಾಡಬೇಕು, ಅದಕ್ಕೂ ಮೊದಲು ಪ್ರತಿಕ್ರಮಣವನ್ನು ಪ್ರಾಮಾಣಿಕವಾಗಿ ಮಾಡಬೇಕು. ಪ್ರತಿ ಸಂಜೆಯೂ ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮಾತುಗಳು ಎರಡು. ಈ ರಾತ್ರಿ ತನ್ನ ಕೈಯಲ್ಲಿಲ್ಲದುದು ಯಾವುದು? ನಾಳೆ ಬೆಳಿಗ್ಗೆ ಯಾರ ಮನೆಯ ಬಾಗಿಲಿಗೆ ಹೋಗಬೇಕಾಗಿದೆ? ಮೊದಲನೆಯದನ್ನು ತ್ಯಜಿಸಿ, ಎರಡನೆಯದನ್ನು ನಿಶ್ಚಯಿಸಿ ಮಲಗಿದವನಿಗೆ ನಿದ್ರೆ ಬೇಗ ಬಂದರೂ ತಡವಾಗಿ ಬಂದರೂ ಆ ರಾತ್ರಿಯು ವ್ಯರ್ಥವಾಗುವುದಿಲ್ಲ.